ಮೂರನೆಯ ಮೊಳೆ

“ಮಗೂನ ಆ ಬಾಗಿಲ ಚೌಕಟ್ಟಿಗೆ ಮಾತ್ರ ಒರಗಿಸಿ ನಿಲ್ಲಿಸಬೇಡಿ, ತಾಯಿ,” ಎಂದಳು ಕಾವಲಿನ ಅಜ್ಜಿ, ಬೀಗದ ಕೈ ಕೊಡುತ್ತ.

“ಯಾಕಜ್ಜಿ, ಕಚ್ಚುತ್ತಾ?”

ಅಜ್ಜಿ ನಗಲಿಲ್ಲ. ಬಂದವಳಿಗೆ ಅದರ ಪರಿವೆಯೂ ಇರಲಿಲ್ಲ. ಹಳೆಯ ಮನೆಗಳನ್ನು ಅಳೆದು, ಫೋಟೊ ತೆಗೆದು ದಾಖಲಿಸುವುದು ಅವಳ ಕೆಲಸ. ಇಂಥ ಮಾತನ್ನು ಮನೆಗೊಂದರಂತೆ ಕೇಳಿ ಕಿವಿ ಜಡ್ಡುಗಟ್ಟಿತ್ತು. ಶಾಲೆಗೆ ರಜೆಯೆಂದು ಏಳು ವರ್ಷದ ಮಗಳು ಗುಬ್ಬಿಯೂ ಜೊತೆಗೆ ಬಂದಿದ್ದಳು. ಅಲ್ಲಾಡುವ ಮುಂದಿನ ಹಲ್ಲನ್ನು ನಾಲಿಗೆಯಿಂದ ತಳ್ಳುವುದೇ ಗುಬ್ಬಿಗೆ ದಿನವಿಡೀ ಕೆಲಸ.

ಹೊಲದ ನಡುವಿನ ಎರಡು ಕೋಣೆಯ ಮನೆ. ಅಜ್ಜಿಯ ತಾತ ಕಟ್ಟಿದ್ದು. ಈಗ ಒಂದು ಸಮಿತಿ ಅದನ್ನು ಇದ್ದಹಾಗೇ ಕಾಪಾಡುತ್ತಿತ್ತು. ಒಲೆ, ಮಂಚ, ಕಂದೀಲು ಎಲ್ಲ ಇದ್ದಲ್ಲೇ ಇದ್ದವು. ಕತ್ತಲು ಕವಿದ ಒಳಗಡೆ ಎಣ್ಣೆ ಕುಡಿದ ಮರದ, ಹಳೆಯ ಮಸಿಯ ವಾಸನೆ. ಹಿಂದಿನ ಕೋಣೆಗೆ ಬೀಗ. ಅದರಾಚೆ ಯಾರೋ ಕಲ್ಲಾಟ ಆಡುತ್ತಿದ್ದ ಸದ್ದು.

“ನಮ್ಮಕ್ಕ,” ಎಂದಳು ಅಜ್ಜಿ. “ಹುಷಾರಿಲ್ಲ. ಆ ಕಡೆ ಹೋಗಬೇಡಿ.”

ಎರಡು ಕೋಣೆಗಳ ನಡುವಿನ ಚೌಕಟ್ಟಿನಲ್ಲಿ ಒಂದು ತಾಮ್ರದ ಮೊಳೆ, ಅದರ ಮೇಲೆ ಮೊಳೆ ಕಿತ್ತ ಒಂದು ತೂತು. ಫೋಟೊದಲ್ಲಿ ಎತ್ತರ ತಿಳಿಯಬೇಕೆಂದರೆ ಪಕ್ಕದಲ್ಲಿ ಅಳತೆಕೋಲು ಇರಬೇಕು. ಕೋಲು ಕಾರಿನಲ್ಲೇ ಉಳಿದಿತ್ತು, ಕಾರು ಹೊಲದಾಚೆಯ ರಸ್ತೆಯಲ್ಲಿತ್ತು. ಅಷ್ಟು ದೂರ ಹೋಗಿಬರಲು ಅವಳಿಗೆ ಸೋಮಾರಿತನ.

“ಗುಬ್ಬಿ, ಇಲ್ಲಿ ನಿಂತ್ಕೊ. ನೆಟ್ಟಗೆ.”

ಕ್ಯಾಮೆರಾ ಕ್ಲಿಕ್ಕೆಂದಿತು. ಸುಟ್ಟ ಕೂದಲಿನ ವಾಸನೆ ಒಮ್ಮೆ ಮೂಗಿಗೆ ಬಡಿಯಿತು. ಒಳಗಿನ ಕಲ್ಲಾಟ ನಿಂತಿತು.

ಮೊದಲು ಗೊತ್ತಾದದ್ದು ಗುಬ್ಬಿಯ ಚಪ್ಪಲಿಯಿಂದ. ವರ್ಷ ಕಳೆದರೂ ಅದೇ ಅಳತೆ. ಉಗುರು ಕತ್ತರಿಸುವ ಪ್ರಮೇಯವೇ ಬರಲಿಲ್ಲ. ಹಲ್ಲು ಅಲ್ಲಾಡುತ್ತಲೇ ಇತ್ತು. ವೈದ್ಯರು ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ತಲೆ ಕೆರೆದುಕೊಂಡರು. ಒಂದು ಮಧ್ಯಾಹ್ನ ಅವಳು ಆ ಹಳೆಯ ಫೋಟೊ ತೆರೆದು ದೊಡ್ಡದು ಮಾಡಿ ನೋಡಿದಳು. ಗುಬ್ಬಿಯ ನೆತ್ತಿಗೆ ಸರಿಯಾಗಿ ಹೊಳೆಯುವ ಹೊಸ ಮೊಳೆ. ಆಗಲೇ ಗುಬ್ಬಿಯನ್ನು ಕಾರಿಗೆ ಹತ್ತಿಸಿ ಆ ಮನೆಗೆ ಹೊರಟಳು.

ಮತ್ತೆ ಬಂದವಳನ್ನು ಅಜ್ಜಿ ಒಳಗೆ ಕರೆದೊಯ್ದಳು. ಹಿಂದಿನ ಕೋಣೆಯ ಬೀಗ ತೆಗೆದಳು. ನೆಲದ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕಲ್ಲಾಟ ಆಡುತ್ತಿದ್ದಳು.

“ನಮ್ಮಕ್ಕ,” ಎಂದಳು ಅಜ್ಜಿ ಮತ್ತೆ. “ನಮ್ಮಮ್ಮನಿಗೆ ಮೂರು ಮಕ್ಕಳು ತೊಟ್ಟಿಲಲ್ಲೇ ಹೋದವು. ಆಮೇಲೆ ಉಳಿದ ಅಣ್ಣ, ಅಕ್ಕನಿಗೋಸ್ಕರ ಮಾಟಗಾರನ್ನ ಕರೆಸಿದ್ಲು. ನೆತ್ತಿ ಎತ್ತರಕ್ಕೆ ಮೊಳೆ ಹೊಡೆದ, ಸಾವು ಇವರನ್ನ ದಾಟಿ ಹೋಗುತ್ತೆ ಅಂದ. ಸಾವೂ ದಾಟಿ ಹೋಯ್ತು, ವಯಸ್ಸೂ ದಾಟಿ ಹೋಯ್ತು. ನಾನು ಆಮೇಲೆ ಹುಟ್ಟಿದೋಳು, ನನಗೆ ಹೊಡೆಸಲಿಲ್ಲ. ಈಗ ಚೌಕಟ್ಟಿಗೆ ರುಚಿ ಹತ್ತಿದೆ. ಅದೇ ಹೊಡ್ಕೊಳ್ಳುತ್ತೆ.”

“ಕೀಳೋಣ. ಇಕ್ಕಳ ಕೊಡಿ.”

“ಅಣ್ಣಂದು ನಾನೇ ಕಿತ್ತೆ. ಮೊಳೆ ಕೈಗೆ ಬರೋದ್ರೊಳಗೆ ಅವನು ಇರಲಿಲ್ಲ. ಜೀವ ಅದರಲ್ಲೇ ಇದೆ, ತಾಯಿ.”

ಅಂದಿನಿಂದ ಗುಬ್ಬಿಯೊಡನೆ ಅವಳೂ ಅಲ್ಲೇ ಉಳಿದಳು. ಯಾವನೋ ಬಡಗಿ, ಯಾವನೋ ಪ್ರವಾಸಿ ಆ ಮೊಳೆಗೆ ಕೈ ಹಾಕದಂತೆ ಕಾಯಬೇಕಿತ್ತು. ಅಜ್ಜಿ ತನ್ನ ಕಾಲ ಮುಗಿಯಿತೆಂದು ಅರಿತ ಬೆಳಿಗ್ಗೆ ಅಕ್ಕನ ಮೊಳೆ ಕಿತ್ತಳು, ಇಕ್ಕಳವನ್ನು ಇವಳ ಕೈಗಿಟ್ಟಳು, ವಾರದೊಳಗೆ ತಾನೂ ಹೋದಳು.

ಮೂವತ್ತೆರಡು ವರ್ಷ. ಇವಳ ಕೂದಲು ಬೆಳ್ಳಗಾಯಿತು, ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಇನ್ನು ಒಂದು ತಿಂಗಳೂ ಕಷ್ಟ ಎಂದರು ಡಾಕ್ಟರು. ಗುಬ್ಬಿಗೆ ಇನ್ನೂ ಏಳು. ಜಡೆ ಹಾಕಲು, ತುತ್ತು ಕೊಡಲು ಅಮ್ಮನೇ ಬೇಕು. ಕಾವಲಿಗೆ ಸಮಿತಿ ಕಳಿಸಿದ ಹೊಸ ಹುಡುಗಿಗೆ ಇವಳು ಎಲ್ಲವನ್ನೂ ಬಿಡಿಸಿ ಹೇಳಿದಳು.

“ಯಾಕಜ್ಜಿ, ಕಚ್ಚುತ್ತಾ?” ಎಂದು ಆ ಹುಡುಗಿ ನಕ್ಕಳು.

ಇವಳಿಗೆ ಅಳುವೂ ಬರಲಿಲ್ಲ.

ಸಂಜೆ ಬಾಗಿಲು ಹಾಕಿದ ಮೇಲೆ ಗುಬ್ಬಿ ತಾನಾಗಿಯೇ ಚೌಕಟ್ಟಿಗೆ ಒರಗಿ ನಿಂತಳು. “ಅಮ್ಮ, ನಾನು ಎತ್ತರ ಆದೆನಾ ನೋಡು.”

“ಕಣ್ಣು ಮುಚ್ಕೊ, ಬಂಗಾರ.”

ಮುಚ್ಚಿದಳು. ಸುಟ್ಟ ಕೂದಲಿನ ವಾಸನೆ. ಇಕ್ಕಳ ಮೊಳೆಯ ತಲೆ ಕಚ್ಚಿತು. ಜಾರಿತು. ಮತ್ತೆ ಹಿಡಿದಳು.

“ಅಮ್ಮ, ಹಲ್ಲು ಇವತ್ತು ಬೀಳುತ್ತಾ?”

“ಹ್ಞೂಂ. ಇವತ್ತು ಬೀಳುತ್ತೆ.”

ಎಳೆದಳು. ಮರ ಕಿರುಗುಟ್ಟಿತು. ಇನ್ನೊಮ್ಮೆ ಎಳೆದಳು.

ನೆಲಕ್ಕೆ ಮೊದಲು ಬಿದ್ದದ್ದು ಒಂದು ಪುಟ್ಟ ಹಲ್ಲು.