ಡೀಕನ್ ಇಲ್ಲದ ದೊಡ್ಡಿ

"ಅಷ್ಟು ದೊಡ್ಡ ಎತ್ತನ್ನ ಕ್ಯಾಮೆರಾ ಚೀಲದಲ್ಲಿ ಹಾಕ್ಕೊಂಡು ಹೋದ ಅಂತೀಯಾ, ಹಾರ್ಲನ್?"

ಕೇಳಿದವಳು ವಿಲ್ಮಾ ಟ್ಯಾಕೆಟ್. ಮೂವತ್ತೊಂದು ವರ್ಷ ದನಗಳ ಮೇಲಿನ ಬರೆಮುದ್ರೆ ಓದಿ ಕಳ್ಳಮಾಲು ಹಿಡಿದವಳು. ಈಗ ನಿವೃತ್ತಿ. ಬೆಳಿಗ್ಗೆ ನನ್ನ ಹೋಟೆಲಿನ ಕಿಟಕಿ ಪಕ್ಕ ಕೂತು ಕಾಫಿ ಕುಡಿಯುವುದೇ ಅವಳ ಕಚೇರಿ.

"ಚೀಲದಲ್ಲಿ ಯಾರು ಅಂದ್ರು? ಗೇಟು ತೆಗೆದ ಅಂದೆ," ಎಂದ ಹಾರ್ಲನ್ ಸ್ಟಬ್ಸ್. ಹ್ಯಾಕ್‌ಬೆರಿ ಕ್ರಾಸಿಂಗಿನ ಹಿಂಡಿಗೆ ಅವನೇ ಯಜಮಾನ. "ನಾನು ಬಂದಾಗ ಎಂಟು ಗಂಟೆ. ಗೇಟು ಬಾಯಿ ತೆರ್ಕೊಂಡಿದೆ. ಇವನು ಮಧ್ಯ ನಿಂತಿದಾನೆ. ಹದಿನಾರರಲ್ಲಿ ಹದಿನೈದು ಒಳಗಿವೆ. ಡೀಕನ್ ಇಲ್ಲ."

ಡೀಕನ್ ಅಂದರೆ ಹಿಂಡಿನ ಮುಂದಾಳು ಎತ್ತು. ಕೊಂಬಿನ ತುದಿಯಿಂದ ತುದಿಗೆ ಏಳಡಿ. ಪ್ರವಾಸಿಗರಿಗಾಗಿ ದಿನಾ ಎರಡು ಸಲ ಹಿಂಡಿನ ಮೆರವಣಿಗೆ. ಹನ್ನೊಂದೂವರೆಗೆ ಇಟ್ಟಿಗೆ ರಸ್ತೆಯಲ್ಲಿ ಅದು ಹೆಜ್ಜೆ ಹಾಕಿದರೆ ಮಾತ್ರ ಉಳಿದವು ಹಿಂಬಾಲಿಸುತ್ತವೆ. ಇವತ್ತು ಶನಿವಾರ ಬೇರೆ. ಜನ ಆಗಲೇ ಕಟ್ಟೆಯ ಮೇಲೆ ಜಾಗ ಹಿಡಿಯುತ್ತಿದ್ದರು.

'ಇವನು' ಅಂದರೆ ಫೋಲ್ಕರ್ ಪೀಚ್. ಜರ್ಮನಿಯ ಡ್ರೆಸ್ಡೆನ್ ಊರಿನಲ್ಲಿ ಟ್ರಾಂ ಓಡಿಸುವವನು. ಹೊಸ ಬೂಟು, ಹೊಸ ಟೋಪಿ, ತಟ್ಟೆಯಷ್ಟು ದೊಡ್ಡ ಬೆಲ್ಟಿನ ಬಿಲ್ಲೆ. ಮೂರು ದಿನದಿಂದ ನನ್ನಲ್ಲೇ ಊಟ. ಎಳೆಯ ವಯಸ್ಸಿನಿಂದ ದನ ಕಾಯುವ ಸವಾರರ ಈ ಬೀದಿಯ ಕನಸು ಕಂಡವನು.

"ನಾನು ಬಾಗಿಲನ್ನು ತೆರೆಯಲಿಲ್ಲ," ಎಂದ ಅವನು, ಪಾಠ ಒಪ್ಪಿಸುವವನ ಹಾಗೆ. "ಅದು ತೆರೆದೇ ಇತ್ತು. ಉಳಿದವು ಹೊರಗೆ ಬಾರದಿರಲೆಂದು ಕೈ ಚಾಚಿ ನಿಂತೆನು. ನಲವತ್ತು ನಿಮಿಷ."

"ನಲವತ್ತು ನಿಮಿಷ ಕೈ ಚಾಚಿಕೊಂಡು? ಬೆರ್ಚಪ್ಪನ ಥರ?" ಎಂದ ಹಾರ್ಲನ್.

"ಹೌದು, ಮಹನೀಯರೇ. ಬೆದರುಗೊಂಬೆಯ ಹಾಗೆ."

ನನಗೆ ನಗು ಬಂತು. ಪೊಲೀಸ್ ಐಬಾರ್ರಾಗೆ ಬರಲಿಲ್ಲ. "ಎತ್ತು ಹೆದ್ದಾರಿಗೆ ಹೋಗಿ ಕಾರಿಗೆ ಸಿಕ್ರೆ ಜೀವ ಹೋಗ್ತವೆ, ಎಸ್ತೇರ್," ಎಂದು ನನ್ನತ್ತ ತಿರುಗಿದ. "ಎತ್ತು ಸಿಗೋವರೆಗೂ ಇವರ ಪಾಸ್‌ಪೋರ್ಟ್ ನನ್ನ ಹತ್ರ. ಕೇಸಾದ್ರೆ ಸಂಜೆ ವಿಮಾನ ಮರೀಬೇಕು. ಮತ್ತೆ ಈ ದೇಶಕ್ಕೆ ಬಿಡೋದೂ ಅನುಮಾನ."

ಫೋಲ್ಕರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ವಿಲ್ಮಾ ಕಾಫಿ ಮುಗಿಸಿದಳು. "ನಡೀರಿ. ದೊಡ್ಡಿ ನೋಡೋಣ."

* * *

ಒಲೆ ಆರಿಸಿ ನಾನೂ ಹೋದೆ. ವಿಲ್ಮಾ ಗೇಟಿನ ಬಳಿ ಮಂಡಿಯೂರಿದಳು.

"ಇದು ಡೀಕನ್ ಹೆಜ್ಜೆ. ಬಲ ಮುಂಗಾಲು ನೋಡಿ, ತುದಿ ಮಾತ್ರ ಊರಿದೆ. ಕುಂಟ್ತಿದ್ದನಾ?"

"ಸ್ವಲ್ಪ," ಎಂದ ಹಾರ್ಲನ್. "ಸೋಮವಾರ ಡಾಕ್ಟರಿಗೆ ಹೇಳೋಣ ಅಂತಿದ್ದೆ."

"ಹೆಜ್ಜೆ ಹತ್ತು ಮಾರು ಹೋಗಿ ನಿಲ್ತವೆ. ಆಮೇಲೆ ಟೈರಿನ ಗುರುತು. ಐಬಾರ್ರಾ, ಹೆದ್ದಾರಿ ಕಡೆ ಹುಡುಕೋಕೆ ಹೋದವರನ್ನ ವಾಪಸ್ ಕರಿ. ಇದು ತಪ್ಪಿಸಿಕೊಂಡು ಹೋಗಿಲ್ಲ. ಗಾಡಿ ಹತ್ತಿ ಹೋಗಿದೆ."

ಐಬಾರ್ರಾ ಉಸಿರು ಬಿಟ್ಟ. ಅರ್ಧ ಭಾರ ಅಲ್ಲೇ ಇಳಿಯಿತು.

"ಗಾಡಿ ಅಂದ್ರೆ ರಾಯ್ಸ್," ಎಂದ ಹಾರ್ಲನ್ ತಟ್ಟನೆ. ರಾಯ್ಸ್ ಡಿಲ್ ಎದುರಿನ ಮಾಂಸದೂಟದ ಹೋಟೆಲಿನವನು. ಅವನ ಹೂಕುಂಡಗಳನ್ನು ಡೀಕನ್ ಎರಡು ಸಲ ಬೋಳು ಮಾಡಿತ್ತು. "ಬೆಳಗಾಗ್ತಿದ್ದ ಹಾಗೆ ಅವನ ಗಾಡಿ ಓಡಾಡ್ತಿತ್ತು. ಕೊಂಬನ್ನ ಗೋಡೆಗೆ ಹಾಕ್ತೀನಿ ಅಂತ ಎಷ್ಟು ಸಲ ಅಂದಿಲ್ಲ?"

ರಾಯ್ಸ್ ಏಪ್ರನ್ನಿನಲ್ಲೇ ಬಂದ. "ನೋಡ್ಕೋ ಬಾರೋ ಗಾಡೀನ. ಮಾಂಸಕ್ಕೆ ಹೊಗೆ ಕೊಡೋ ಹೊಸ ಒಲೆ ತಂದೆ, ಇನ್ನೂ ಇಳಿಸಿಲ್ಲ. ಅದರ ಜೊತೆ ಏಳಡಿ ಕೊಂಬು ಎಲ್ಲಿ ಹಿಡಿಸಲಿ, ನಿನ್ನ ತಲೇಲಾ? ಅಲ್ಲಿ ಜಾಗ ಖಾಲಿ ಇರೋದು ನಿಜ."

ಗಾಡಿಯಲ್ಲಿ ಕಬ್ಬಿಣದ ಒಲೆ ತುಂಬಿಕೊಂಡಿತ್ತು. ಇಲಿ ಹೋಗಲೂ ಸಂದಿಲ್ಲ.

ವಿಲ್ಮಾ ಅದನ್ನು ನೋಡಲು ಬರಲೇ ಇಲ್ಲ. ಗೇಟಿನ ಕಂಬದ ಮುಂದೆ ನಿಂತಿದ್ದಳು. ಕಂಬದಲ್ಲಿ ದನದ ಕೊರಳಿಗೆ ಬೀಸುವ ಹಗ್ಗ ನೇತುಬಿದ್ದಿತ್ತು, ಅಚ್ಚುಕಟ್ಟಾಗಿ ಸುತ್ತಿದ್ದು.

"ಇದು ಯಾರದ್ದು?"

"ನಂದೇ. ದಿನಾ ಸಂಜೆ ಅಲ್ಲೇ ನೇತುಹಾಕ್ತೀನಿ."

"ತಗೊಂಡು ಒಂದು ಕುಣಿಕೆ ಬಿಡು ನೋಡೋಣ."

ಹಾರ್ಲನ್ ಹಗ್ಗ ಹಿಡಿದು ಬೀಸಿದ. ಸುತ್ತುಗಳು ಒಂದರೊಳಗೊಂದು ನುಗ್ಗಿ ಮುರಿಗೆಯಾದವು. ಅವನು ಒಂದು ಬೈಗುಳ ಉಗುಳಿ ಹಗ್ಗವನ್ನು ದಿಟ್ಟಿಸಿದ.

"ಫೋಲ್ಕರ್, ಈಗ ನೀನು ಅದನ್ನ ಸುತ್ತಪ್ಪ."

ಫೋಲ್ಕರ್ ಭಯಭಕ್ತಿಯಿಂದ ಹಗ್ಗ ತೆಗೆದುಕೊಂಡ. ಅಂಗೈಗೂ ಮೊಣಕೈಗೂ ಮಧ್ಯೆ, ಬಟ್ಟೆ ಒಣಹಾಕುವ ದಾರ ಸುತ್ತುವ ಹಾಗೆ, ಸುತ್ತುತ್ತಾ ಹೋದ. ರಾಯ್ಸ್ ಬೆನ್ನು ತಿರುಗಿಸಿ ನಕ್ಕ.

"ತಪ್ಪಾಯಿತೇ?" ಎಂದ ಫೋಲ್ಕರ್.

"ಇದಕ್ಕಿಂತ ಸರಿಯಾಗಿ ಯಾರೂ ಮಾಡಕ್ಕಾಗಲ್ಲ," ಎಂದಳು ವಿಲ್ಮಾ.

* * *

ಹತ್ತೂವರೆ. ಹಿಂಡು ನಡೆಸುವ ಆರು ಜನ ಸವಾರರು ಲಾಯದ ಮುಂದೆ ಕುದುರೆಗಳ ಮೇಲೆ ಸಾಲಾಗಿದ್ದರು. ವಿಲ್ಮಾ ಆ ಸಾಲಿನ ಮುಂದೆ ನಿಧಾನವಾಗಿ ನಡೆದಳು. ಮುಖ ನೋಡಲಿಲ್ಲ. ಜೀನು ನೋಡುತ್ತಿದ್ದಳು. ಐದನೆಯ ಕುದುರೆಯ ಬಳಿ ನಿಂತಳು.

"ಕ್ಲೆಲ್, ಡೀಕನ್ ಹೇಗಿದಾನೆ ಮಗನೇ?"

ಕ್ಲೆಲ್ ಪರ್ಡಿಗೆ ಐವತ್ತು ದಾಟಿದೆ. ಹನ್ನೆರಡು ವರ್ಷದಿಂದ ಡೀಕನ್‌ಗೆ ಮೇವು ಹಾಕುವವನು ಅವನೇ.

"ಯಾರ ಮೇಲೆ ತಪ್ಪು ಹೊರಿಸ್ತಿದೀರಿ ಮ್ಯಾಮ್ ನೀವು?" ಎಂದ ಹಾರ್ಲನ್.

"ಕಳ್ಳತನ ಮಾಡೋನು ಕೆಲಸ ಮುಗಿದ ಮೇಲೆ ಹಗ್ಗ ಬಿಸಾಕಿ ಓಡ್ತಾನೆ. ಇವನು ಕಂಬದ ನಿನ್ನ ಹಗ್ಗ ತಗೊಂಡು ಎತ್ತನ್ನ ಹಿಡಿದ, ಗಾಡಿಗೆ ಹತ್ತಿಸಿದ, ಹಗ್ಗ ಬಿಚ್ಚಿದ. ಮಣ್ಣಲ್ಲಿ ಬಿಡೋಕೆ ಮನಸ್ಸು ಬರಲಿಲ್ಲ. ಸುತ್ತಿ ವಾಪಸ್ ನೇತುಹಾಕಿದ. ಹಗ್ಗ ಹಿಡಿದು ಬೆಳೆದೋರ ಕೈ ಅದು, ತಲೇನ ಕೇಳಲ್ಲ. ಫೋಲ್ಕರ್ ಸುತ್ತೋದು ನೋಡಿದ್ರಲ್ಲ."

"ಸುತ್ತೋದು ಎಲ್ಲರಿಗೂ ಬರುತ್ತೆ. ಕ್ಲೆಲ್ಲೇ ಯಾಕೆ?"

"ನಿನ್ನ ಹಗ್ಗ ನಿನ್ನ ಕೈಲೇ ಮುರಿಗೆ ಆಯ್ತಲ್ಲ. ನೀನು ಬಲಗೈಯಿಂದ ಬೀಸೋನು, ಒಂದು ದಿಕ್ಕಿಗೆ ಸುತ್ತುತೀಯ. ಎಡಗೈಯಿಂದ ಬೀಸೋನು ಅದರ ಎದುರು ದಿಕ್ಕಿಗೆ. ಇಲ್ಲಿ ಐದು ಜೀನಲ್ಲಿ ಹಗ್ಗ ಬಲಗಡೆ ಇದೆ. ಒಂದರಲ್ಲಿ ಎಡಗಡೆ."

ಎಲ್ಲರೂ ಕ್ಲೆಲ್‌ನ ಜೀನು ನೋಡಿದರು. ಕ್ಲೆಲ್ ತನ್ನ ಎಡಗೈ ನೋಡಿಕೊಂಡ.

"ಡೀಕನ್ ನನ್ನ ತಂಗಿ ಮನೆ ಕೊಟ್ಟಿಗೇಲಿದಾನೆ," ಎಂದ. "ಉಪ್ಪುನೀರಲ್ಲಿ ಕಾಲಿಟ್ಕೊಂಡು ನಿಂತಿದಾನೆ. ಗೊರಸಿನೊಳಗೆ ಕೀವು ಆಗಿದೆ, ಹಾರ್ಲನ್. ಮೂರು ಸಲ ಹೇಳ್ದೆ. ಶನಿವಾರ ಕಳೀಲಿ, ಶನಿವಾರ ಕಳೀಲಿ ಅಂದೆ ನೀನು. ಇಟ್ಟಿಗೆ ಮೇಲೆ ಇವತ್ತೆರಡು ಸಲ, ನಾಳೆ ಎರಡು ಸಲ ನಡೆಸಿದ್ರೆ ಅವನು ಎದ್ದು ನಿಲ್ತಿರಲಿಲ್ಲ."

"ಗೇಟು?" ಎಂದ ಐಬಾರ್ರಾ.

"ಕೊಂಡಿ ಬಿತ್ತು ಅನ್ಕೊಂಡೆ. ಒಂದು ಕೈಲಿ ಎತ್ತಿನ ಹಗ್ಗ ಇತ್ತು, ಕತ್ತಲು ಬೇರೆ."

"ಅದು ಇರಲಿ," ಎಂದಳು ವಿಲ್ಮಾ. ಅವಳ ದನಿ ಮೊದಲ ಸಲ ಗಡುಸಾಯಿತು. "ಎತ್ತಿಗೆ ನೀನು ಮಾಡಿದ್ದಕ್ಕೆ ನಾನು ಮಾತಾಡಲ್ಲ. ಆದ್ರೆ ಎರಡು ಗಂಟೆ ಹೊತ್ತು ಈ ಮನುಷ್ಯನನ್ನ ಕಳ್ಳನ ಥರ ಕೂರಿಸಿದ್ರು. ನೀನು ನೋಡ್ತಾ ಕೂತೆ."

ಕ್ಲೆಲ್ ಕುದುರೆಯಿಂದಿಳಿದ. ಟೋಪಿ ತೆಗೆದ. "ಹೇಳಿದ್ರೆ ಡೀಕನ್‌ನ ವಾಪಸ್ ತಂದು ನಡೆಸ್ತಾರೆ ಅಂತ... ಬೆಳಗಿನ ಸರದಿ ಕಳೀಲಿ ಅಂತ ಸುಮ್ಮನಿದ್ದೆ. ತಪ್ಪು ನಂದು, ಸಾರ್. ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ ನನಗೆ."

ಫೋಲ್ಕರ್ ಕೇಳಿದ, "ಎತ್ತು ನಿಂತುಕೊಂಡಿದೆಯೇ?"

"ನಿಂತಿದೆ. ಮೇವೂ ತಿಂತು."

"ಹಾಗಾದರೆ ಸರಿ," ಎಂದ. "ಆದರೆ ನನಗೆ ಬಹಳ ಹೆದರಿಕೆಯಾಗಿತ್ತು. ಅದನ್ನು ನೀವು ತಿಳಿದಿರಬೇಕು."

"ತಿಳೀತು, ಸಾರ್."

* * *

ಹಾರ್ಲನ್ ದೂರು ಕೊಡಲಿಲ್ಲ. ದನದ ಡಾಕ್ಟರಿಗೆ ತಾನೇ ಫೋನು ಮಾಡಿದ. ಡಾಕ್ಟರ್ ಗೊರಸು ಕೆತ್ತಿ ಕೀವು ತೆಗೆದು, ಮೂರು ವಾರ ರಸ್ತೆಗೆ ತರಕೂಡದು, ಆಮೇಲೆ ಬೇಕಾದರೆ ಕುಣಿಸಿ ಎಂದರಂತೆ. ಕ್ಲೆಲ್‌ಗೆ ಒಂದು ತಿಂಗಳು ಲಾಯ ಗುಡಿಸುವ ಶಿಕ್ಷೆ. ಅವತ್ತಿನ ಮೆರವಣಿಗೆ ಮುಂದಾಳಿಲ್ಲದೆ ದಿಕ್ಕಾಪಾಲಾಗಿ ನಡೆಯಿತು, ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಐಬಾರ್ರಾ ನನ್ನ ಹೋಟೆಲಿಗೆ ಬಂದು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಕೊಟ್ಟ.

"ಕ್ಷಮಿಸಿ, ಸಾರ್. ಎರಡು ಗಂಟೆಗೆ ನಾನೇ ವಿಮಾನ ನಿಲ್ದಾಣಕ್ಕೆ ಬಿಡ್ತೀನಿ."

"ಪೊಲೀಸ್ ಕಾರಿನಲ್ಲೇ?"

"ಮುಂದಿನ ಸೀಟಲ್ಲಿ."

"ಮೊದಲು ಹೊಟ್ಟೆಗೆ ಹಾಕ್ಕೊಳ್ಳಪ್ಪ," ಎಂದಳು ವಿಲ್ಮಾ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಎಸ್ತೇರ್, ಇವನಿಗೇನು ಕೊಡ್ತೀಯ?"

"ಎರಡು ಮೊಟ್ಟೆ, ಬಿಸಿ ಬನ್ನು, ಗ್ರೇವಿ. ಸಾಕಾ?"

"ನಾಲ್ಕು ಮೊಟ್ಟೆಗಳು," ಎಂದ ಫೋಲ್ಕರ್.

ನಾನು ತಟ್ಟೆ ಹಿಡಿದು ಬರುವಷ್ಟರಲ್ಲಿ ಅವನು ಮೇಜಿಗೆ ತಲೆ ಕೊಟ್ಟು ಗಾಢವಾಗಿ ನಿದ್ದೆ ಹೋಗಿದ್ದ. ವಿಲ್ಮಾ ಅವನ ಮೊಣಕೈ ಪಕ್ಕದ ಕಾಫಿ ಲೋಟವನ್ನು ಸದ್ದಾಗದಂತೆ ಆಚೆ ಸರಿಸಿದಳು.