ಇಪ್ಪತ್ತೆರಡು ಚಕ್ರದ ಬಸ್ಸು

"ಎಳೀಬೇಡ. ಕೈ ತೆಗಿ," ಎಂದಳು ಚಿಕ್ಕಮ್ಮ.

ಯಾಕಮ್ಮ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಜಿನ ಮೇಲೆ ಶಾಲೆಯ ಕಂಪ್ಯೂಟರು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅದರೊಳಗಿನ ಹಸಿರು ಬೋರ್ಡು ಈಗ ಹೊರಗಿತ್ತು. ಬೋರ್ಡಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಅಲ್ಯೂಮಿನಿಯಂ ತುಂಡು, ಅದರ ಮೈತುಂಬ ಬಾಚಣಿಗೆಯ ಹಾಗೆ ಹಲ್ಲುಗಳು. ಅದೇ ಹೀಟ್‌ಸಿಂಕ್. ಅಡಿಯಲ್ಲಿರುವ ಚಿಪ್‌ ಬಿಸಿಯಾದಾಗ ಆ ಬಿಸಿಯನ್ನು ಹೀರಿಕೊಂಡು ಗಾಳಿಗೆ ಬಿಡುವುದು ಅದರ ಕೆಲಸ.

ಯಾಕಮ್ಮ ಅನ್ನುವುದು ಹುಡುಗಿಯ ನಿಜವಾದ ಹೆಸರಲ್ಲ, ಬಿಡಿ. ಮಾತು ಮಾತಿಗೂ "ಯಾಕೆ?" ಎಂದು ಕೇಳಿ ಕೇಳಿ ಮನೆಯವರ ತಲೆ ತಿನ್ನುತ್ತಾಳೆಂದು ಅಜ್ಜಿ ಇಟ್ಟ ಹೆಸರು. ಅವಳು ಐದನೇ ಕ್ಲಾಸು, ಶಾಲೆಯ ಕಂಪ್ಯೂಟರ್ ಲೀಡರು. ಚಿಕ್ಕಮ್ಮ ಕಂಪ್ಯೂಟರ್ ರಿಪೇರಿ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ.

"ಜೋರಾಗಿ ಎಳೆದ್ರೆ ಅಡಿಗಿರೋ ಚಿಪ್ಪೂ ಕಿತ್ಕೊಂಡು ಬರುತ್ತೆ. ಆಮೇಲೆ ಈ ಬೋರ್ಡನ್ನ ಗೋಡೆಗೆ ತೂಗುಹಾಕ್ಬೇಕು ಅಷ್ಟೇ," ಎಂದಳು ಚಿಕ್ಕಮ್ಮ.

"ಬೇರೆ ಹೀಟ್‌ಸಿಂಕ್ ಹಾಕೋಕಾಗಲ್ವಾ?"

"ಈ ಅಳತೇದು ಈಗೆಲ್ಲಿ ಸಿಗುತ್ತೆ? ಕಂಪ್ಯೂಟರಿಗೆ ನಿನಗಿಂತ ಜಾಸ್ತಿ ವಯಸ್ಸಾಗಿದೆ. ಇದನ್ನೇ ಬಿಡಿಸಿ, ಅಂಟು ತೆಗೆದು, ವಾಪಸ್ ಕೂರಿಸ್ಬೇಕು. ನೋಡು, ಯಾರೋ ಗೋಡೆಗೆ ಸಿಮೆಂಟ್ ಮೆತ್ತೋ ಹಾಗೆ ಮೆತ್ತಿದ್ದಾರೆ. ಇಷ್ಟು ದಪ್ಪ ಅಂಟು ದಾಟಿ ಬಿಸಿ ಮೇಲೆ ಬರೋದಾದ್ರೂ ಹೇಗೆ?"

ಯಾಕಮ್ಮ ಮೇಜಿನ ಮೇಲಿನ ಸ್ಕ್ರೂಗಳನ್ನು ಸಾಲಾಗಿ ಜೋಡಿಸತೊಡಗಿದಳು. ಆ "ಯಾರೋ" ಅವಳೇ.

ಹೋದ ಸೋಮವಾರ ಬ್ರಷ್ ಹಿಡಿದು ಕಂಪ್ಯೂಟರಿನೊಳಗಿನ ಧೂಳು ಹೊಡೆಯುವಾಗ ಹೀಟ್‌ಸಿಂಕ್ ಕಳಚಿ ಅವಳ ಅಂಗೈಗೇ ಬಂದುಬಿಟ್ಟಿತ್ತು. ಹಳೆಯ ಅಂಟು ಒಣಗಿತ್ತೋ ಏನೋ. ಯಾಕಮ್ಮನಿಗೆ ಗಾಬರಿಯಾಯಿತು. ಓಡಿಹೋಗಿ ಕ್ರಾಫ್ಟ್ ಕಪಾಟಿನಿಂದ ಎರಡು ಟ್ಯೂಬು ಬೆರೆಸುವ ಗಟ್ಟಿ ಅಂಟನ್ನು ತಂದಳು. ಹೆಚ್ಚು ಹಾಕಿದಷ್ಟೂ ಗಟ್ಟಿ ಎಂದುಕೊಂಡು ಎರಡೂ ಟ್ಯೂಬು ಖಾಲಿ ಮಾಡಿ ಅಂಟಿಸಿದಳು. ಯಾರಿಗೂ ಹೇಳಲಿಲ್ಲ. ಮಾರನೆಯ ದಿನದಿಂದ ಕಂಪ್ಯೂಟರು ಸರಿಯಾಗಿ ಎಂಟು ನಿಮಿಷಕ್ಕೆ ಆಫ್ ಆಗತೊಡಗಿತು. ಕಂಪ್ಯೂಟರ್ ಮೇಷ್ಟ್ರು ತಲೆ ಕೆರೆದುಕೊಂಡು, ಶನಿವಾರ ಅದನ್ನು ತಂದು ಚಿಕ್ಕಮ್ಮನ ಮೇಜಿನ ಮೇಲಿಟ್ಟು ಹೋಗಿದ್ದರು.

ಇವತ್ತು ಭಾನುವಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಒಂದನೇ ಕ್ಲಾಸಿನ ಮಕ್ಕಳ ಶೋ. ಆ ಪುಟಾಣಿಗಳೆಲ್ಲ ಸೇರಿ ಇದೇ ಕಂಪ್ಯೂಟರಿನಲ್ಲಿ ಹನ್ನೆರಡು ನಿಮಿಷದ ಚಿತ್ರಕತೆಯೊಂದನ್ನು ಮಾಡಿದ್ದರು. ಕೆಲಸಕ್ಕೆ ರಜೆ ಹಾಕಿ ಸಮುದ್ರ ನೋಡಲು ಹೋಗುವ ಬಸ್ಸಿನ ಕತೆ. ಒಂದೊಂದು ದೃಶ್ಯದ ಬಸ್ಸನ್ನು ಒಂದೊಂದು ಮಗು ಬರೆದಿತ್ತು. ಅದನ್ನು ನೋಡಲು ಎಲ್ಲರ ಅಪ್ಪ ಅಮ್ಮಂದಿರೂ ಬರುವವರಿದ್ದರು.

ಚಿಕ್ಕಮ್ಮ ಬೋರ್ಡನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಾಳಿಯಾಡದ ಹಾಗೆ ಬಾಯಿ ಮುಚ್ಚಿ, ನೆಟ್ಟಗೆ ಅಡುಗೆಮನೆಗೆ ನಡೆದು ಫ್ರೀಜರಿನೊಳಗೆ ಇಟ್ಟಳು.

"ಎರಡು ಗಂಟೆ ಇಲ್ಲಿರ್ಲಿ. ತಣ್ಣಗಾದ್ರೆ ಈ ಅಂಟು ಬಿಸ್ಕತ್ ಥರ ಆಗುತ್ತೆ, ಪಟ್ ಅಂತ ಮುರಿಯುತ್ತೆ."

ಯಾಕಮ್ಮ ಸುಮ್ಮನೆ ತಲೆಯಾಡಿಸಿದಳು. ಬೇರೆ ದಿನವಾಗಿದ್ದರೆ ಇದೊಂದಕ್ಕೇ ಏಳು "ಯಾಕೆ" ಕೇಳಿರುತ್ತಿದ್ದಳು.

ಹತ್ತು ನಿಮಿಷ ಆಗಿರಲಿಲ್ಲ, ಅಡುಗೆಮನೆಯಿಂದ ಅಜ್ಜಿಯ ದನಿ ಬಂತು.

"ಏನೇ ಇದು ಫ್ರೀಜರಲ್ಲಿ? ಹುರಿಯೋದಾ, ಬೇಯಿಸೋದಾ?"

"ಮುಟ್ಬೇಡ ಅಮ್ಮಾ, ಅದು ಕಂಪ್ಯೂಟರು," ಚಿಕ್ಕಮ್ಮ ಕೂಗಿ ಹೇಳಿದಳು.

"ಸರಿಹೋಯ್ತು. ಇನ್ನು ನನ್ನ ಸೀರೆ ಎಲ್ಲಿಡ್ತೀಯಾ, ಒಲೆ ಮೇಲಾ?" ಎಂದು ಅಜ್ಜಿ ದಡಾರನೆ ಫ್ರೀಜರು ಮುಚ್ಚಿದರು. ಯಾಕಮ್ಮನಿಗೆ ನಗು ಬಂತು. ನಗುತ್ತಿದ್ದಂತೆಯೇ ನಾಳೆಯ ಶೋ ನೆನಪಾಯಿತು.

ಆಗ ಗುಂಡು ಒಳಗೆ ಬಂದ. ಗುಂಡು ಅವಳ ತಮ್ಮ, ಒಂದನೇ ಕ್ಲಾಸು. ಅವನ ಕೈಯಲ್ಲೊಂದು ರಬ್ಬರಿತ್ತು.

"ಚಿಕ್ಕಮ್ಮಾ, ಕಂಪ್ಯೂಟರ್ ಒಳಗಿರೋ ಚಿತ್ರ ಇದ್ರಲ್ಲಿ ಅಳಿಸ್ಬಹುದಾ?"

"ಯಾವ ಚಿತ್ರನೋ?"

"ನನ್ನ ಬಸ್ಸು. ಪೂರ್ತಿ ಅಲ್ಲ, ಚಕ್ರ ಮಾತ್ರ. ನಾನು ಇಪ್ಪತ್ತೆರಡು ಚಕ್ರ ಹಾಕಿಬಿಟ್ಟಿದ್ದೀನಿ. ಹದಿನೆಂಟು ಅಳಿಸಿದ್ರೆ ನಾಲ್ಕು ಉಳಿಯುತ್ತೆ. ನಾಲ್ಕು ಸಾಕು."

"ಚೆನ್ನಾಗೇ ಇತ್ತಲ್ಲೋ. ಅಳಿಸೋದ್ಯಾಕೆ?" ಎಂದಳು ಚಿಕ್ಕಮ್ಮ.

ಗುಂಡು ರಬ್ಬರನ್ನು ಹಿಂದೆ ಮುಂದೆ ತಿರುಗಿಸಿದ. "ನನ್ನ ಬಸ್ ಬಂದಾಗ್ಲೇ ಕಂಪ್ಯೂಟರ್ ಆಫ್ ಆಗುತ್ತೆ. ಚಕ್ರದ ಭಾರ ಜಾಸ್ತಿ ಆಗಿ ಅದಕ್ಕೆ ಸುಸ್ತಾಗುತ್ತಂತೆ. ಕ್ಲಾಸಲ್ಲಿ ಎಲ್ರೂ ಹೇಳಿದ್ರು. ಸಮುದ್ರ ಬರ್ದಿದ್ದು ಬೇರೆಯವ್ರು. ಅವರ ಸಮುದ್ರ ಯಾರೂ ನೋಡೇ ಇಲ್ಲ, ನನ್ನಿಂದ."

ಚಿಕ್ಕಮ್ಮ ಯಾಕಮ್ಮನ ಕಡೆ ಒಂದು ಸಲ ನೋಡಿ, ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಾ ಕೂತಳು.

ಯಾಕಮ್ಮನಿಗೆ ಕಿವಿ ಬಿಸಿಯಾಯಿತು. ಇವನು ಇಷ್ಟು ದಿನ ತನ್ನ ಬಸ್ಸಿನ ಮೇಲೆ ತಪ್ಪು ಹೊರಿಸಿಕೊಂಡು ಓಡಾಡುತ್ತಿದ್ದಾನೆ. ಅಯ್ಯೋ, ಇದು ತನಗೆ ಗೊತ್ತೇ ಇರಲಿಲ್ಲವಲ್ಲ.

"ಗುಂಡು, ನಿನ್ನ ಚಕ್ರ ಅಲ್ವೋ," ಎಂದಳು. "ನಾನು ಮಾಡಿದ್ದು. ಹೀಟ್‌ಸಿಂಕ್ ಕಿತ್ಕೊಂಡು ಬಂತು, ಭಯ ಆಯ್ತು, ಅಂಟು ಹಾಕ್ಬಿಟ್ಟೆ. ತುಂಬಾ ಹಾಕ್ಬಿಟ್ಟೆ. ಅದಕ್ಕೇ ಅದು ಆಫ್ ಆಗೋದು."

ಗುಂಡು ಅಕ್ಕನ ಮುಖವನ್ನೇ ನೋಡಿದ.

"ನನ್ನ ಚಕ್ರ ಭಾರ ಇಲ್ವಾ?"

"ಇಲ್ಲ."

"ಇಪ್ಪತ್ತೆರಡೂ?"

"ಇಪ್ಪತ್ತೆರಡೂ."

ಗುಂಡು ರಬ್ಬರನ್ನು ಮೇಜಿನ ಮೇಲೆ ಇಟ್ಟು, "ಅಜ್ಜೀ, ನನ್ನ ಬಸ್ಸು ಭಾರ ಇಲ್ವಂತೆ," ಎನ್ನುತ್ತಾ ಒಳಗೆ ಓಡಿದ. ಯಾಕಮ್ಮ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ಮೇಷ್ಟ್ರಿಗೆ?" ಎಂದಷ್ಟೇ ಕೇಳಿದಳು ಚಿಕ್ಕಮ್ಮ.

"ನಾಳೆ ನಾನೇ ಹೇಳ್ತೀನಿ."

"ಸರಿ. ಎರಡು ಗಂಟೆ ಆದ್ಮೇಲೆ ಕೈ ಒರೆಸ್ಕೊಂಡು ಬಾ. ಬಿಡಿಸೋದೂ ನೀನೇ."

ಫ್ರೀಜರಿನಿಂದ ಬಂದ ಬೋರ್ಡು ಕೈಗೆ ಚುರುಗುಟ್ಟುವಷ್ಟು ತಣ್ಣಗಿತ್ತು. ಚಿಕ್ಕಮ್ಮ ಬೋರ್ಡನ್ನು ಅಲುಗಾಡದಂತೆ ಹಿಡಿದಳು.

"ಎಳೆಯೋದಲ್ಲ. ತಿರುಗಿಸೋದು. ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಅವಸರ ಮಾಡಿದ್ರೆ ಚಿಪ್ ಹೋಯ್ತು ಅಂತ ತಿಳ್ಕೋ."

ಯಾಕಮ್ಮ ಹೀಟ್‌ಸಿಂಕನ್ನು ಬೆರಳ ತುದಿಯಲ್ಲಿ ಹಿಡಿದಳು. ಆ ಕಡೆ. ಈ ಕಡೆ. ಏನೂ ಆಗಲಿಲ್ಲ. ಜೋರಾಗಿ ಒಂದು ಸಲ ಎಳೆದುಬಿಡಲು ಕೈ ಹಾತೊರೆಯಿತು. ಅವಳು ಉಸಿರು ಬಿಟ್ಟು, ಮತ್ತೆ ಆ ಕಡೆ, ಮತ್ತೆ ಈ ಕಡೆ ತಿರುಗಿಸಿದಳು. ಎಷ್ಟು ಸಲವೋ ಲೆಕ್ಕ ತಪ್ಪಿತು.

ಟಕ್.

ಯಾಕಮ್ಮ ಕಣ್ಣು ಮುಚ್ಚಿಬಿಟ್ಟಳು. "ಚಿಪ್ಪು?"

"ಕಣ್ಣು ಬಿಟ್ಟು ನೋಡು ಮಹರಾಯ್ತಿ."

ಚಿಪ್‌ ತನ್ನ ಜಾಗದಲ್ಲೇ ಭದ್ರವಾಗಿ ಕೂತಿತ್ತು. ಯಾಕಮ್ಮ ಹೀಟ್‌ಸಿಂಕ್ ಹಿಡಿದುಕೊಂಡೇ ಎರಡು ಸುತ್ತು ಕುಣಿದಳು. ಒಳಗಿನಿಂದ ಓಡಿ ಬಂದ ಗುಂಡು ಯಾಕೆಂದೂ ಕೇಳದೆ ತಾನೂ ಕುಣಿದ.

ಆಮೇಲಿನದು ಸಮಾಧಾನದ ಕೆಲಸ. ಚಿಪ್‌ ಮೇಲೆ ಉಳಿದಿದ್ದ ಅಂಟಿನ ಚೂರುಗಳನ್ನು ಚಿಕ್ಕಮ್ಮ ತಾನೇ ತೆಗೆದು ಬೋರ್ಡನ್ನು ಒಣಗಲು ಇಟ್ಟಳು. ಕಿಟಕಿ ತೆರೆದು, ಕೈಗವಸು ತೊಡಿಸಿ, ಹೀಟ್‌ಸಿಂಕನ್ನು ಯಾಕಮ್ಮನಿಗೆ ಕೊಟ್ಟಳು. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಅಂಟಿನ ಮೇಲೆ ಹೊದಿಸುವುದು, ಕಾಯುವುದು, ಹಳೆಯ ಲೈಬ್ರರಿ ಕಾರ್ಡಿನ ಅಂಚಿನಿಂದ ಕೆರೆಯುವುದು. ಮತ್ತೆ ಹೊದಿಸುವುದು, ಮತ್ತೆ ಕೆರೆಯುವುದು. ಅಂಟು ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತಿತ್ತು. ಅದರೊಳಗೆ ಅಲ್ಲಲ್ಲಿ ನೀಲಿ ಮಿಣಮಿಣ.

ಗ್ಲಿಟರ್. ಯಾಕಮ್ಮ ತನ್ನ ನೋಟ್‌ಬುಕ್ಕಿಗೆ, ಪೆನ್ಸಿಲ್ ಬಾಕ್ಸಿಗೆ, ಕೊನೆಗೆ ಚಪ್ಪಲಿಗೂ ಮೆತ್ತುವ ಅದೇ ನೀಲಿ ಗ್ಲಿಟರ್. ಅಂಟು ಬೆರೆಸುವಾಗ ಅವಳ ಕೈಯಿಂದ ಉದುರಿತ್ತು.

ಅವಳು ಮೆಲ್ಲಗೆ ತಲೆಯೆತ್ತಿದಳು. "ನಿನಗೆ ಬೆಳಿಗ್ಗೇನೇ ಗೊತ್ತಾಗಿತ್ತಾ?"

"ಇದು ಪಕ್ಕದಿಂದಲೇ ಮಿಂಚ್ತಿತ್ತಲ್ಲ. ಸಾಲದ್ದಕ್ಕೆ ಬೆಳಿಗ್ಗೆಯಿಂದ ನಿನ್ನ ಬಾಯಲ್ಲಿ ಒಂದೇ ಒಂದು 'ಯಾಕೆ' ಬಂದಿಲ್ಲ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಬಂತು ನೋಡು," ಎಂದು ಚಿಕ್ಕಮ್ಮ ನಕ್ಕು, ಬಿಸಿ ಸಾಗಿಸುವ ಅಂಟಿನ ಟ್ಯೂಬನ್ನು ಅವಳ ಕೈಗಿತ್ತಳು. "ಹೆಸರುಕಾಳಿನಷ್ಟು ಸಾಕು."

ಯಾಕಮ್ಮ ಹೆಸರುಕಾಳಿನಷ್ಟೇ ಹಾಕಿದಳು.

ಸೋಮವಾರ ಬೆಳಿಗ್ಗೆ ಅವಳು ಹೇಳಿದ್ದನ್ನೆಲ್ಲ ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಕರೆಂಟಿನವರಿಗೆ ಎರಡು ಸಲ ಫೋನ್ ಮಾಡಿ ಜಗಳ ಆಡಿದ್ದೀನಲ್ಲ ತಾಯಿ," ಎಂದರು. ಅಷ್ಟು ಹೇಳಿ ನಕ್ಕುಬಿಟ್ಟರು. ಕ್ರಾಫ್ಟ್ ಕಪಾಟಿನ ಬೀಗದ ಕೈ ಮಾತ್ರ ಅವರ ಜೇಬು ಸೇರಿತು.

ಹತ್ತಕ್ಕೆ ಶೋ ಶುರುವಾಯಿತು. ಅಜ್ಜಿ ಮೊದಲ ಸಾಲಿನಲ್ಲಿ ಜಾಗ ಹಿಡಿದಿದ್ದರು. ಐದು ನಿಮಿಷ. ಏಳು. ಯಾಕಮ್ಮ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಎಂಟು. ಪರದೆಯ ಅಂಚಿನಿಂದ ಗುಂಡುವಿನ ಕೆಂಪು ಬಸ್ಸು ಮೂತಿ ತೂರಿಸಿತು, ತೆವಳುತ್ತಾ ಮುಂದೆ ಬಂತು, ನಿಲ್ಲಲಿಲ್ಲ.

"ಒಂದು, ಎರಡು, ಮೂರು," ಗುಂಡು ಪಿಸುಗುಟ್ಟತೊಡಗಿದ.

ಆ ಎಣಿಕೆ ಯಾಕಮ್ಮನಿಗೆ ಗೊತ್ತಿತ್ತು. ಈ ವಾರವೆಲ್ಲ ಅವನು ಊಟ ಮಾಡುವಾಗ, ಹಲ್ಲುಜ್ಜುವಾಗ ಹೀಗೇ ಎಣಿಸುತ್ತಿದ್ದ. ಏನೋ ಆಟವಿರಬೇಕೆಂದು, "ಸುಮ್ನಿರೋ" ಎಂದು ಗದರಿಸಿದ್ದಳು. ಈಗ ಅವಳು ಅವನ ಪಕ್ಕಕ್ಕೆ ಸರಿದು, ತಾನೂ ದನಿ ಸೇರಿಸಿದಳು. ಹಿಂದಿನ ಸಾಲಿನ ಪುಟಾಣಿಗಳೂ ಸೇರಿಕೊಂಡರು.

"ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು."

ಯಾಕಮ್ಮ ನಿಲ್ಲಿಸಿದಳು. ಗುಂಡು ನಿಲ್ಲಿಸಲಿಲ್ಲ.

"ಇಪ್ಪತ್ಮೂರು, ಇಪ್ಪತ್ನಾಲ್ಕು. ಬೆಳಿಗ್ಗೆ ಮೇಷ್ಟ್ರನ್ನ ಕೇಳಿ ಇನ್ನೆರಡು ಹಾಕ್ದೆ."

"ಯಾಕೋ?"

"ಭಾರ ಇಲ್ಲ ಅಂತ ನೀನೇ ಹೇಳಿದ್ಯಲ್ಲ."

ಯಾಕಮ್ಮ ತಮ್ಮನ ಭುಜದ ಮೇಲೆ ಕೈ ಹಾಕಿಕೊಂಡು, ಬಸ್ಸು ಸಮುದ್ರ ತಲುಪುವುದನ್ನು ನೋಡುತ್ತಾ ಕೂತಳು.