ಗಾಸ್ಪರೆಯ ಹೆಂಡತಿಯಾದರೆ

“ಈ ದೇಶದ ಕಾನೂನು ಮಾಡೋರು ಯಾರು?” ಎಂದು ಕೇಳಿದೆ.

ಹಿಂದಿನ ಬೆಂಚಿನಿಂದ ಉತ್ತರ ಬಂತು. “ಮೀನು ತಿನ್ನೋರು, ಟೀಚರ್. ಹಿಡಿಯೋರಂತೂ ಅಲ್ಲ.”

ತರಗತಿಯೆಲ್ಲ ನಕ್ಕಿತು. ಸ್ಯಾನ್‌ಫ್ರಾನ್ಸಿಸ್ಕೊದ ಬಂದರಿನ ಬಳಿ, ಭಾನುವಾರದ ಮಧ್ಯಾಹ್ನಗಳಲ್ಲಿ ನಾನು ಇಟಲಿಯವರಿಗೆ ಪೌರತ್ವದ ಪರೀಕ್ಷೆಗೆ ಪಾಠ ಹೇಳುತ್ತಿದ್ದೆ. ಇವನು ತಮಾಷೆಗೆ ಬಂದವನು ಅಂದುಕೊಂಡು ಸಿಟ್ಟಾದೆ. ಪಾಠ ಮುಗಿದ ಮೇಲೂ ಅವನು ಏಳಲಿಲ್ಲ. ಸಂವಿಧಾನದ ಮೊದಲ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸಿದ. ಕಣ್ಣು ಮಾತ್ರ ನನ್ನ ಮೇಲೆ.

“ಗೋಡೆ ಮೇಲಿನ ನಕ್ಷೆ ನೋಡ್ಕೊಂಡು ಹೇಳಿ, ಗಾಸ್ಪರೆ.”

“ನಕ್ಷೆ ಹೀಗೆ ಕೆಂಪಗಾಗಲ್ಲವಲ್ಲ, ಟೀಚರ್.”

ಆ ಚಳಿಗಾಲವೆಲ್ಲ ನಾವು ಬಂದರಿನಲ್ಲಿ ನಡೆದಾಡಿದೆವು. ಬಲೆಯ ಹಗ್ಗ ಕೊಯ್ದ ಅವನ ಅಂಗೈ ಒರಟಾಗಿತ್ತು. ನನ್ನ ಬೆರಳು ಹಿಡಿಯುವಾಗ ಅದು ಹೇಗೋ ಮೆತ್ತಗಾಗುತ್ತಿತ್ತು.

ಮೂರು ವರ್ಷದ ಹಿಂದೆ, 1911ರಲ್ಲಿ, ಹೆಂಗಸರಿಗೂ ಮತ ಬೇಕೆಂದು ಮನೆಮನೆ ಅಲೆದು ಕೊನೆಗೆ ಗೆದ್ದದ್ದನ್ನು ಹೇಳಿದೆ. ಒಬ್ಬ ನನ್ನತ್ತ ಆಲೂಗಡ್ಡೆ ಎಸೆದಿದ್ದ.

“ಬೇಯ್ಸಿದ್ದಾ?”

“ಹಸೀದು!”

“ಥೂ, ಮರ್ಯಾದೆ ಗೊತ್ತಿಲ್ಲದೋನು.”

ನಗುತ್ತಾ ಅವನ ಭುಜಕ್ಕೆ ಒರಗಿದೆ. ಎದ್ದೇಳಲು ಮನಸ್ಸಾಗಲಿಲ್ಲ.

ಮಾರ್ಚ್‌ನಲ್ಲಿ ಅವನು ಪೌರತ್ವದ ಅರ್ಜಿ ಹಿಡಿದು ನ್ಯಾಯಾಧೀಶರ ಮುಂದೆ ನಿಂತ. ಮೀನಿನ ಕಾರ್ಖಾನೆಯ ಮುಷ್ಕರದಲ್ಲಿ ಇದ್ದೆಯಾ, ಮತ್ತೆ ಮುಷ್ಕರವಾದರೆ ಸೇರುತ್ತೀಯಾ ಎಂದು ಅವರು ಕೇಳಿದರು. ಹೌದು, ಹೌದು ಎಂದ. ಅರ್ಜಿ ತಿರಸ್ಕೃತವಾಯಿತು.

“ಸುಮ್ನೆ ಇಲ್ಲ ಅನ್ನೋಕೆ ಏನಾಗಿತ್ತು ನಿಂಗೆ?” ಕೋರ್ಟಿನ ಮೆಟ್ಟಿಲ ಮೇಲೆ ನಾನು ಅತ್ತೇಬಿಟ್ಟೆ.

“ಪ್ರಮಾಣ ಮಾಡಿ ಸುಳ್ಳು ಹೇಳ್ಬಾರ್ದು ಅಂತ ಪಾಠ ಹೇಳ್ಕೊಟ್ಟಿದ್ದು ಯಾರು?”

ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣು ತಾನೂ ವಿದೇಶಿಯಾಗುತ್ತಾಳೆ. ಹಾಗಂತ ಕಾನೂನಿತ್ತು. ಗಾಸ್ಪರೆಯ ಹೆಂಡತಿಯಾದ ದಿನವೇ ಮತದಾರರ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ. ಇದನ್ನು ಅವನಿಗೆ ಹೇಳಿರಲಿಲ್ಲ. ಅವತ್ತು ಸಂಜೆ ಬಂದರಿನಲ್ಲಿ ಹೇಳಿದೆ.

“ಆದ್ರೂ ಮದುವೆ ಆಗೋಣ. ಹೋದ್ರೆ ಹೋಗ್ಲಿ,” ಎಂದೆ.

ಅವನು ಹಡಗುಗಳತ್ತ ತಿರುಗಿದ. “ಬೇಡ, ವಿನಿ.”

ನಾನು ಜಗಳವಾಡಬೇಕಿತ್ತು. ಅವನ ಕಾಲರ್ ಹಿಡಿದು ಎಳೆಯಬೇಕಿತ್ತು. ಆದರೆ ‘ಬೇಡ’ ಎಂಬುದು ಕಿವಿಗೆ ಬಿದ್ದ ಗಳಿಗೆ ನನ್ನ ಎದೆಯೊಳಗೆ ಏನೋ ಹಗುರವಾಯಿತು. ಒಂದೇ ಗಳಿಗೆ. ನನ್ನ ಮುಖದಲ್ಲಿ ಅದನ್ನು ಅವನು ನೋಡಿಬಿಟ್ಟ.

“ಪರವಾಗಿಲ್ಲ,” ಎಂದು ನನ್ನ ಟೋಪಿಯ ರಿಬ್ಬನ್ ಸರಿಪಡಿಸಿದ. “ನಿಜವಾಗ್ಲೂ ಪರವಾಗಿಲ್ಲ ಕಣೇ.”

ಏಪ್ರಿಲ್‌ನಲ್ಲಿ ಮೀನು ಹಿಡಿಯುವವರ ಹಡಗಿನಲ್ಲಿ ಅಲಾಸ್ಕಾಗೆ ಹೋದ. ಸೆಪ್ಟೆಂಬರಿನಲ್ಲಿ ಹಡಗು ಬಂತು. ಇಳಿದವರನ್ನೆಲ್ಲ ನೋಡುತ್ತಾ ಕಟ್ಟೆಯ ಮೇಲೆ ನಿಂತೆ. ಅವನು ಅಲ್ಲೇ ಉಳಿದನಂತೆ. ನನಗೆ ಚೀಟಿಯೇನಾದರೂ ಕೊಟ್ಟಿದ್ದಾನೆಯೇ ಎಂದು ಕೇಳಿದೆ. ಕೊಟ್ಟಿರಲಿಲ್ಲ.

ನವೆಂಬರಿನಲ್ಲಿ ಮತ ಹಾಕಲು ಹೋದೆ. ಆ ವರ್ಷ ಜನರು ತೀರ್ಮಾನಿಸಬೇಕಾದ ಪ್ರಶ್ನೆಗಳು ನಲವತ್ತೆಂಟಿದ್ದವು. ಮದ್ಯ ನಿಲ್ಲಿಸಬೇಕೆ, ದುಡಿಮೆ ದಿನಕ್ಕೆ ಎಂಟು ಗಂಟೆಯಾಗಬೇಕೆ, ಬಾಕ್ಸಿಂಗ್ ಪಂದ್ಯ ಬೇಕೆ. ಒಂದೊಂದಕ್ಕೂ ಮೊಹರು ಒತ್ತಿದೆ. ಮುಗಿದ ಮೇಲೆ ಹಾಳೆಯನ್ನು ತಿರುಗಿಸಿ ನೋಡಿದೆ. ಮತ್ತೆ ಮೇಲಿನಿಂದ ಓದಿದೆ.

ಪರದೆಯಾಚೆ ಅಧಿಕಾರಿಣಿ ಕೆಮ್ಮಿದಳು. “ಇನ್ನೂ ಮುಗೀಲಿಲ್ವೇನಮ್ಮಾ? ಸಾಲು ನಿಂತಿದೆ.”

“ಮದುವೆ ಬಗ್ಗೆ ಒಂದು ಪ್ರಶ್ನೆ ಹುಡುಕ್ತಿದ್ದೀನಿ.”

“ನಲವತ್ತೆಂಟರಲ್ಲೂ ಸಿಗಲಿಲ್ವಾ?”

“ಇಲ್ಲ,” ಎಂದೆ. ಮತಪತ್ರವನ್ನು ಮಡಚಿ ಅವಳ ಕೈಗೆ ಕೊಟ್ಟೆ.